ಮಿತವ್ಯಯವೂ ಶೇಷಭೋಜನವೂ

ಸಂಸಾರಿಯಾದವನು ತನ್ನ ಆದಾಯವನ್ನರಿತು ವ್ಯಯಮಾಡತಕ್ಕದ್ದೆಂಬ ವಿಷಯದಲ್ಲಿ ನೀತಿಜ್ಞರೊಳಗೆ ಭಿನ್ನಾಭಿಪ್ರಾಯವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಓದುಬರಹ ಬಾರದವರೂ ಬಲ್ಲ ಮಾತು. ಉಡುಗೆತೊಡುಗೆಗಳ ಖರ್ಚನ್ನು ಬರುವ ಹಬ್ಬಕ್ಕೆಂದು ಮುಂದೂಡಬಹುದು. ಮನೆಗೆ ಸುಣ್ಣ ಬಳಿಸುವುದನ್ನು ಬರುವ ವರ್ಷಕ್ಕೆಂದು ಮುಂದೂಡಬಹುದು. ಹಸಿವನ್ನು ಮಾತ್ರ ನಾಳೆಗೆಂದು ಮುಂದೂಡಲು ಬರುವುದಿಲ್ಲ. ದಿನಕ್ಕೆರಡು ಸಾರೆ ತಪ್ಪದೆ ಬರುವ ಈ ಖರ್ಚಿನ ಮೇಲೆ ಮನೆಯ ಯಜಮಾನನ ಕಣ್ಣೂ ದಿನಕ್ಕೆರಡು ಸಾರೆ ಬೀಳುವುದು ಸಹಜವೇ. ಅಡಿಗೆಮನೆಯಲ್ಲಿ ದಿನಕ್ಕೆ 10 ರೂಪಾಯಿ ಉಳಿಸಿದರೆ ತಿಂಗಳಿಗೆ 300, ವರ್ಷಕ್ಕೆ 3,600 ಎಂದು ಮನಸ್ಸಿನಲ್ಲಿಯೇ ಗುಣಿಸಿ ಸಂತೋಷಪಡದ ಗೃಹಸ್ಥನಾರು?

ಈ ಗುಣಾಕಾರವನ್ನು ನಾನು ಹಳಿಯುವವನಲ್ಲ. ಆದರೆ ಉಳಿತಾಯವು ಸದ್ಗುಣವೆಂದು ಒಪ್ಪಿದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ. ಊಟದಲ್ಲಿ ಉಳಿದ ಆ 10 ರೂಪಾಯಿ ಯಾರ ತಾಟಿನಿಂದ ಬಂದವು? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ನಾನು ಬಹಳ ವರ್ಷ ಮನೆಯ ಲೆಕ್ಕ ಬರೆದೆನು. ಕೇಳಿಕೊಂಡ ಮೇಲೆ ತಿಳಿದುದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ನಮ್ಮ ಕಲಬುರಗಿ ಜಿಲ್ಲೆಯ ಮರತೂರು ಗ್ರಾಮವು ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಆ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವು, ದಾಯಭಾಗವನ್ನು ಅನುಸರಿಸುವ ಬಂಗಾಳ ಮೊದಲಾದ ಪ್ರಾಂತಗಳನ್ನು ಬಿಟ್ಟರೆ, ಭರತಖಂಡದ ಹಿಂದೂ ಕುಟುಂಬಗಳ ಆಸ್ತಿವಿಭಾಗಕ್ಕೆ ಆಧಾರಗ್ರಂಥವಾಯಿತು. ತಂದೆಯ ಹೊಲದಲ್ಲಿ ಯಾರಿಗೆ ಎಷ್ಟು ಪಾಲೆಂದು ಅದನ್ನು ಮುಂದಿಟ್ಟುಕೊಂಡು ನ್ಯಾಯಾಲಯಗಳಲ್ಲಿ ತಲೆತಲಾಂತರ ವಾದಗಳು ನಡೆದಿವೆ. 2005ರಲ್ಲಿ ಉತ್ತರಾಧಿಕಾರದ ಶಾಸನಕ್ಕೆ ತಿದ್ದುಪಡಿಯಾಗಿ, ಮಗಳಿಗೂ ಹುಟ್ಟಿನಿಂದಲೇ ಮಗನಷ್ಟು ಹಕ್ಕುಂಟೆಂದು ಗೊತ್ತಾಯಿತು. ಹೊಲದ ಪಾಲಿನ ಮಾತು ಹೀಗಾಯಿತು. ಆದರೆ ತಾಟಿನ ಪಾಲಿನ ಮಾತೂ ಅದೇ ಗ್ರಂಥದ ಆಚಾರಾಧ್ಯಾಯದಲ್ಲಿದೆ. ಅದಕ್ಕಾಗಿ ವ್ಯಾಜ್ಯ ಹೂಡಿದವರನ್ನು ನಾನು ಕಂಡಿಲ್ಲ.

ಆ ಅಧ್ಯಾಯದಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಎರಡು ವಿಧಿಗಳಿವೆ. ಗೃಹಿಣಿಯು ಮನೆಯ ಸಾಮಾನುಗಳನ್ನು ಓರಣವಾಗಿಟ್ಟುಕೊಂಡು, ದಕ್ಷಳೂ ಹಸನ್ಮುಖಿಯೂ ಆಗಿ, ವ್ಯಯಕ್ಕೆ ವಿಮುಖಳಾಗಿರಬೇಕೆಂಬುದು ಒಂದು. ಮಕ್ಕಳು, ತವರಿನಲ್ಲಿರುವ ಮದುವೆಯಾದ ಹೆಣ್ಣುಮಕ್ಕಳು, ವೃದ್ಧರು, ಗರ್ಭಿಣಿಯರು, ರೋಗಿಗಳು, ಕನ್ಯೆಯರು, ಅತಿಥಿಗಳು, ಸೇವಕರು ಇವರೆಲ್ಲರಿಗೆ ಉಣಬಡಿಸಿದ ಬಳಿಕ ಉಳಿದುದನ್ನು ಗಂಡಹೆಂಡಿರು ಉಣ್ಣಬೇಕೆಂಬುದು ಇನ್ನೊಂದು. ಮೊದಲನೆಯದನ್ನು ಶಾಸ್ತ್ರ ಓದದ ಗಂಡಸರೂ ಬಲ್ಲರು. ಸಮಯ ಬಂದಾಗ ಹೆಂಡತಿಗೆ ಹೇಳಲು ಮರೆಯುವುದಿಲ್ಲ. ಎರಡನೆಯದನ್ನು ಶಾಸ್ತ್ರ ಓದಿದವರೂ ಮರೆತಿದ್ದಾರೆ. ಈ ಎರಡನ್ನೂ ಒಟ್ಟಿಗೆ ಓದಿದರೇ ಮಿತವ್ಯಯದ ಧರ್ಮವು ಪೂರ್ಣವಾಗುವುದೆಂದು ನನ್ನ ಅಭಿಪ್ರಾಯ.

ಊಟದ ಖರ್ಚಿನಲ್ಲಿ ಉಳಿತಾಯವಾಗುವ ದಾರಿಗಳು ವಿಚಾರಿಸಿ ನೋಡಿದರೆ ಮೂರೇ. ಚೆಲ್ಲಿಹೋಗುವುದನ್ನು ತಡೆಯುವುದರಿಂದ ಉಳಿಯುವುದು ಮೊದಲನೆಯದು. ಡಂಭವನ್ನು ಬಿಡುವುದರಿಂದ ಉಳಿಯುವುದು ಎರಡನೆಯದು. ಒಬ್ಬರ ಅನ್ನವನ್ನು ಕಡಿಮೆಮಾಡುವುದರಿಂದ ಉಳಿಯುವುದು ಮೂರನೆಯದು. ಲೆಕ್ಕದ ವಹಿಯಲ್ಲಿ ಮೂರೂ ಒಂದೇ ಕಾಲಮಿನಲ್ಲಿ ‘ಉಳಿಕೆ’ ಎಂದು ಬರುತ್ತವೆ. ಧರ್ಮದ ವಹಿಯಲ್ಲಿ ಮೊದಲಿನವೆರಡು ಜಮೆ, ಮೂರನೆಯದು ಸಾಲ.

ಮೊದಲನೆಯ ದಾರಿಯನ್ನು ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಬಡಿದ ಜೋಳದ ರೊಟ್ಟಿ ಉಳಿದರೆ ಅದು ಒಣಗಿ ಖಡಕ್ ರೊಟ್ಟಿಯಾಗಿ ಬಹುದಿನ ಕೆಡದೆ ನಿಲ್ಲುತ್ತದೆ. ತಂಗಳಾದರೆ ಮುರಿದು ಒಗ್ಗರಣೆ ಹಾಕಿದರೆ ಮುಂಜಾನೆಯ ಫಳಾರವಾಗುತ್ತದೆ. ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟನ್ನು ಚೆಲ್ಲದೆ ಕಟ್ಟಿನ ಸಾರು ಮಾಡುತ್ತಾರೆ. ಹಬ್ಬದ ಆ ಸಾರಿನ ರುಚಿ ಮಿತವ್ಯಯದಿಂದಲೇ ಹುಟ್ಟಿದ್ದೆಂದು ಉಣ್ಣುವವರಿಗೆ ನೆನಪೂ ಇರುವುದಿಲ್ಲ. ಪುಂಡಿಪಲ್ಯಕ್ಕೆ ಜೋಳದ ನುಚ್ಚು, ಬೇಳೆ ಕೂಡಿಸಿದರೆ ಒಂದು ಸಿವುಡು ಸೊಪ್ಪಿನಲ್ಲಿ ಮನೆಮಂದಿಯೆಲ್ಲ ಉಣ್ಣುತ್ತಾರೆ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಸತ್ತ್ವವು ಬೇಳೆಯಲ್ಲಿ ಹೆಚ್ಚಾಗಿರುವುದರಿಂದ ಇವೆರಡೂ ಕೂಡಿದ ಊಟವು ಒಂಟಿಯಾಗಿ ಉಂಡುದಕ್ಕಿಂತ ದೇಹಕ್ಕೆ ಹೆಚ್ಚು ಹತ್ತುವುದೆಂದು ಆಹಾರಶಾಸ್ತ್ರಜ್ಞರು ಹೇಳುತ್ತಾರೆ. 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ನಮ್ಮ ತೊಗರಿಯು ದೂರದ ಅಂಗಡಿಗಳಲ್ಲಿ ಮೆರೆಯುವುದು ಸಂತೋಷವೇ; ಅದು ಬೆಳೆದ ಸೀಮೆಯ ಪ್ರತಿಯೊಂದು ತಾಟಿನಲ್ಲಿಯೂ ಇರಬೇಕಾದುದು ಅದಕ್ಕಿಂತ ಮುಖ್ಯ.

ಇದಕ್ಕೆ ವಿರುದ್ಧವಾಗಿ ಜಗತ್ತು ನಡೆಯುತ್ತಲಿರುವ ಬಗೆಯನ್ನು ನೋಡಿರಿ. 2022ನೆಯ ಇಸವಿಯೊಂದರಲ್ಲಿಯೇ ಸುಮಾರು 105 ಕೋಟಿ ಟನ್ ಆಹಾರವು ವ್ಯರ್ಥವಾಯಿತೆಂದೂ, ಅದರಲ್ಲಿ ನೂರಕ್ಕೆ 60 ಪಾಲು ಮನೆಗಳಲ್ಲಿಯೇ ಹಾಳಾಯಿತೆಂದೂ ಸಂಯುಕ್ತರಾಷ್ಟ್ರಗಳ ಪರಿಸರಶಾಖೆಯು ಲೆಕ್ಕಹಾಕಿದೆ. ನಮ್ಮ ದೇಶದ 2022–23ರ ಕುಟುಂಬವೆಚ್ಚದ ಸಮೀಕ್ಷೆಯಲ್ಲಿ, ಖರ್ಚಾಗುವ ಪ್ರತಿ 100 ರೂಪಾಯಿಗಳಲ್ಲಿ ಆಹಾರಕ್ಕೆ ಹೋಗುವುದು ಹಳ್ಳಿಗಳಲ್ಲಿ ಸುಮಾರು 46, ಪಟ್ಟಣಗಳಲ್ಲಿ ಸುಮಾರು 39 ಎಂದು ಕಂಡುಬಂದಿದೆ. ಅದರೊಳಗೆ ಅಕ್ಕಿ, ಜೋಳ, ಗೋಧಿಗಳಿಗಾಗಿ ಕೊಡುವ ಹಣಕ್ಕಿಂತ ಪಾನೀಯ ಹಾಗೂ ಸಿದ್ಧಾಹಾರಗಳಿಗೆ ಕೊಡುವ ಹಣವೇ ಹೆಚ್ಚು. ಅಂದರೆ ನಾವು ಹಸಿವಿಗಾಗಿ ಕೊಡುವುದಕ್ಕಿಂತ ನಾಲಿಗೆಗಾಗಿ ಹೆಚ್ಚು ಕೊಡುತ್ತಲಿದ್ದೇವೆ. ಉಳಿಸಬೇಕೆನ್ನುವವನಿಗೆ ಅಲ್ಲಿಯೇ ಬೇಕಾದಷ್ಟು ಅವಕಾಶವಿದೆ. ಬೇಳೆಯ ಡಬ್ಬಿಗೆ ಕೈಹಾಕಬೇಕಾದ ಕಾರಣವಿಲ್ಲ. ನಾನು ಬೇಳೆಯ ಡಬ್ಬಿಗೇ ಕೈಹಾಕಿದೆನು.

1994ರಲ್ಲಿ ನಾನು ಕಮಲಾಪುರದಲ್ಲಿ ಬಾಡಿಗೆಯ ಮನೆಯಲ್ಲಿದ್ದೆನು. ಸಂಬಳ ಸಣ್ಣದು, ತಾಯಿತಂದೆ, ಓದುವ ತಮ್ಮ, ಚೊಚ್ಚಲ ಮಗ ಎಲ್ಲರ ಭಾರವೂ ಅದರ ಮೇಲೆಯೇ. ಪಾಠಶಾಲೆಯಲ್ಲಿ ಕಲಿತವನಾದುದರಿಂದ ನನಗೆ ನಿಯಮವೆಂದರೆ ಪ್ರೀತಿ. ಪ್ರತಿ ರಾತ್ರಿ ವಹಿ ತೆಗೆದು ಅಂದಿನ ಖರ್ಚನ್ನು ಬಾಬುವಾರು ಬರೆಯುತ್ತಿದ್ದೆನು. ಬೇಳೆಯನ್ನು ತಿಂಗಳಿಗೆ 6 ಕಿಲೋದಿಂದ 4ಕ್ಕೆ ಇಳಿಸಿದೆನು. ಹಾಲನ್ನು ಅರ್ಧ ಲೀಟರು ಕಡಿಮೆಮಾಡಿದೆನು. ತಿಂಗಳ ಕೊನೆಗೆ ಊಟದ ಬಾಬಿನಲ್ಲಿ 60 ರೂಪಾಯಿ ಉಳಿಯಿತು. ಗೆಳೆಯರಿಗೆ ಆ ವಹಿಯನ್ನು ತೋರಿಸಿದ್ದೂ ಉಂಟು. ಇಷ್ಟೆಲ್ಲ ಇಳಿಸಿದರೂ ನನ್ನ ತಾಟಿನಲ್ಲಿ ಏನೂ ಕಡಿಮೆಯಾಗಲಿಲ್ಲ. ನಾನು ಆಶ್ಚರ್ಯಪಡಬೇಕಾಗಿತ್ತು, ಪಡಲಿಲ್ಲ.

ಆಗ ನನ್ನ ಮನೆಯವಳು ಏಳು ತಿಂಗಳ ಬಸುರಿ. ನಿಂತರೆ ಕಣ್ಣು ಕತ್ತಲೆಗೂಡುವುದೆಂದು ಹೇಳತೊಡಗಿದ್ದರಿಂದ ಕಲಬುರಗಿಗೆ ಕರೆತಂದು ಒಬ್ಬ ವೈದ್ಯೆಗೆ ತೋರಿಸಿದೆನು. ರಕ್ತ ಪರೀಕ್ಷಿಸಿದರು. ಗರ್ಭಿಣಿಗೆ 11 ಗ್ರಾಮಾದರೂ ಇರಬೇಕಾದ ಹಿಮೋಗ್ಲೋಬಿನ್ ಅವಳಲ್ಲಿ 7 ಇದ್ದಿತು. “ದಿನಾ ಏನೇನು ಉಣ್ತೀರಮ್ಮಾ?” ಎಂದು ವೈದ್ಯೆ ಕೇಳಿದರು. “ನಮ್ಮ ಮನೆಯಲ್ಲಿ ರೊಟ್ಟಿ, ಬೇಳೆ, ಪಲ್ಯ, ಮಜ್ಜಿಗೆ ಯಾವುದಕ್ಕೂ ಕೊರತೆಯಿಲ್ಲ” ಎಂದು ಉತ್ತರ ಕೊಟ್ಟವನು ನಾನು. “ನಾ ಅವರಿಗೆ ಕೇಳಿದ್ದು ಮಾಸ್ತರ್ರೆ” ಎಂದರು ವೈದ್ಯೆ. ಅವಳು ತಲೆತಗ್ಗಿಸಿ, “ಎಲ್ಲಾರದೂ ಆದಮ್ಯಾಲ ಬ್ಯಾಳಿ ಉಳಿದ್ರ ಉಣ್ತೀನ್ರಿ. ಇಲ್ಲಂದ್ರ ರೊಟ್ಟಿ, ಹಿಂಡಿ ಅದಾವಲ್ರಿ” ಎಂದಳು. “ವಾರಕ್ಕೆಷ್ಟು ದಿನ ಉಳಿತದ?” ಎಂದು ಅವರು ಮತ್ತೆ ಕೇಳಿದಾಗ ಅವಳು ನನ್ನ ಕಡೆಗೆ ನೋಡಿ ಸುಮ್ಮನಾದಳು. ಆ ನೋಟದಲ್ಲಿ ದೂರು ಇರಲಿಲ್ಲ. ನನ್ನ ಮಾನ ಹೋದೀತೆಂಬ ಅಂಜಿಕೆಯಿತ್ತು.

ಮಗು ಹುಟ್ಟಿದಾಗ ಅದರ ತೂಕ 1 ಕಿಲೋ 900 ಗ್ರಾಂ. ದೈವಕೃಪೆಯಿಂದ ಬದುಕಿತು. ತಾಯಿ ಚೇತರಿಸಿಕೊಳ್ಳಲು ವರ್ಷ ಹಿಡಿಯಿತು. ಔಷಧಕ್ಕೆ ಖರ್ಚಾದ ಹಣ ನನ್ನ ವಹಿಯ ಉಳಿಕೆಗಳನ್ನೆಲ್ಲ ಕೂಡಿಸಿದರೂ ಮುಟ್ಟದಷ್ಟಾಯಿತು. ಆದರೆ ಹಣದ ನಷ್ಟವಾಯಿತೆಂಬ ಕಾರಣದಿಂದ ನನ್ನ ಮಿತವ್ಯಯವು ತಪ್ಪಾಯಿತೆಂದು ನಾನು ಹೇಳುವುದಿಲ್ಲ. ಒಂದು ಪೈ ನಷ್ಟವಾಗದಿದ್ದರೂ ಅದು ತಪ್ಪೇ. ನಾನು ‘ಉಳಿಕೆ’ ಎಂದು ಬರೆದದ್ದು ಒಬ್ಬಳ ರಕ್ತದಿಂದ ಅವಳ ಸಮ್ಮತಿ ಕೇಳದೆ ತೆಗೆದುಕೊಂಡದ್ದಾಗಿತ್ತು.

ಇಲ್ಲಿ ನನ್ನನ್ನು ಹೆಚ್ಚಾಗಿ ನಾಚಿಸಿದ್ದು ಇನ್ನೊಂದುಂಟು. ‘ದಂಪತಿ’ ಎಂಬ ಶಬ್ದವು ನಿತ್ಯದ್ವಿವಚನಾಂತವೆಂದು ನಾನು ಹುಡುಗರಿಗೆ ವರ್ಷವರ್ಷವೂ ಪಾಠ ಹೇಳಿದವನು. ಸಂಸ್ಕೃತದಲ್ಲಿ ಏಕವಚನಕ್ಕೂ ಬಹುವಚನಕ್ಕೂ ನಡುವೆ ಇಬ್ಬರಿಗೇ ಮೀಸಲಾದ ವಚನವೊಂದುಂಟೆಂದು ಹೆಮ್ಮೆಯಿಂದ ವಿವರಿಸುತ್ತಿದ್ದೆನು. ಉಳಿದುದನ್ನುಣ್ಣುವ ವಿಧಿಯಲ್ಲಿ ಸ್ಮೃತಿಕಾರನು ಹೇಳಿರುವುದು ಆ ದ್ವಿವಚನವನ್ನೇ. ಕಡೆಗೆ ಉಣ್ಣುವವಳು ಹೆಂಡತಿಯೊಬ್ಬಳೇ ಅಲ್ಲ, ಇಬ್ಬರೂ. ಅಷ್ಟೇ ಅಲ್ಲದೆ ಗರ್ಭಿಣಿಯಾದಾಗ, ಕಾಯಿಲೆ ಬಿದ್ದಾಗ ಅವಳ ಸ್ಥಾನವು ಮೊದಲ ಪಂಕ್ತಿಗೆ ಬರುತ್ತದೆ. ಆಗ ಕಡೆಗೆ ಉಣ್ಣತಕ್ಕವನು ಗಂಡನೊಬ್ಬನೇ. ನಾವು ಆ ವಿಧಿಯಿಂದ ಗಂಡನನ್ನು ಮೆಲ್ಲಗೆ ಎಬ್ಬಿಸಿ ಮೊದಲ ಪಂಕ್ತಿಯಲ್ಲಿ ಕೂಡ್ರಿಸಿದೆವು. ದ್ವಿವಚನವನ್ನು ಏಕವಚನ ಮಾಡಿ ಅದಕ್ಕೆ ಸಂಪ್ರದಾಯವೆಂದು ಹೆಸರಿಟ್ಟೆವು. ವ್ಯಾಕರಣದ ಇಂಥ ದೋಷವನ್ನು ಹುಡುಗನೊಬ್ಬನು ಪಾಟಿಯ ಮೇಲೆ ಬರೆದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಇದು ನನ್ನೊಬ್ಬನ ಮನೆಯ ಮಾತಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಸ್ತ್ರೀದೇಹದ ಧರ್ಮವೂ ಹೆರಿಗೆಗಳೂ ಇದಕ್ಕೆ ಕಾರಣಗಳೆಂಬುದು ನಿಜ. ಆದರೆ ದೇಹದ ಧರ್ಮವು ಹೆಚ್ಚು ಬೇಡುವವಳಿಗೆ ಮನೆಯ ಪದ್ಧತಿಯು ಕಡಿಮೆ ಕೊಡುತ್ತಲಿದ್ದರೆ ಆ ಅಂತರವು ಕುಗ್ಗುವುದು ಹೇಗೆ?

ಇನ್ನು ಹೊರಗಿನ ಊಟದ ಮಾತು. ಮನೆಯಲ್ಲಿ ಕಲಿತ ಪಾಠವನ್ನು ಹೋಟೆಲಿನಲ್ಲಿ ಮರೆಯುವುದು ಸುಲಭವೆಂಬುದಕ್ಕೂ ನಾನೇ ಸಾಕ್ಷಿ. ಅಂದು 1 ಕಿಲೋ 900 ಗ್ರಾಂ ತೂಗಿದ ಮಗಳು ಈಗ ದುಡಿಯುವವಳು, ಎರಡು ಮಕ್ಕಳ ತಾಯಿ. ಹೋದ ದಸರೆಯ ರಜೆಯಲ್ಲಿ ನಾವೆಲ್ಲ ಕಮಲಾಪುರಕ್ಕೆ ಹೋಗಿ ಹಳೆಯ ನೆರೆಹೊರೆಯವರನ್ನು ಕಂಡು, ಸಂಜೆಗೆ ಕಲಬುರಗಿಯ ಒಂದು ದೊಡ್ಡ ಹೋಟೆಲಿಗೆ ಹೋದೆವು. ಮೊಮ್ಮಕ್ಕಳು ಪಟ್ಟಿ ನೋಡಿ ಬೇಕುಬೇಕಾದುದನ್ನೆಲ್ಲ ಹೇಳಿದರು. ನನಗೂ ಒಂದು ಊಟ ಹೇಳಿದ್ದಾಯಿತು. ನನ್ನ ಮನೆಯವಳು, “ನನಗೇನೂ ಬ್ಯಾಡವ್ವಾ, ಹುಡುಗರು ಬಿಟ್ಟದ್ದ ಉಂಡ್ರ ಆಯ್ತು, ಸುಮ್ನ ಯಾಕ ರೊಕ್ಕ ಕೆಡಿಸೂದು” ಎಂದಳು. ನನಗೆ ಮನಸ್ಸಿನಲ್ಲಿ ಸಮಾಧಾನವೇ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ. ಒಂದು ತಾಟಿನ ಹಣ ಉಳಿಯಿತಲ್ಲವೆ? ಮಗಳು ನನ್ನ ಮುಖ ನೋಡಿದಳು. “ಅಪ್ಪಾ, ಅವ್ವಗ ಎಂದರೆ ಒಂದ್ ತಾಟು ಬ್ಯಾರೆ ಬಂದದೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾಯಿಗೆ ಬೇರೊಂದು ಊಟ ಹೇಳಿದಳು. ಮಕ್ಕಳಿಗೆ ಹೇಳಿದ್ದರಲ್ಲಿ ಒಂದನ್ನು ತೆಗೆಸಿದಳು. ಬಿಲ್ಲು ಹೆಚ್ಚಾಗಲಿಲ್ಲ, ಚೆಲ್ಲಿದ್ದೂ ಇಲ್ಲ. ಮೂವತ್ತು ವರ್ಷದ ಹಿಂದೆ ವೈದ್ಯೆ ಕೇಳಿದ ಪ್ರಶ್ನೆಯನ್ನೇ, ಅಂದು ಹೊಟ್ಟೆಯಲ್ಲಿದ್ದ ಕೂಸು ಮತ್ತೆ ಕೇಳಿದಂತಾಯಿತು.

ಅಂದಿನಿಂದ ಹೊರಗಿನ ಊಟದ ಎರಡು ಪದ್ಧತಿಗಳನ್ನು ಹೋಲಿಸಿ ನೋಡುತ್ತಲಿದ್ದೇನೆ. ನಮ್ಮ ಖಾನಾವಳಿಯಲ್ಲಿ ಬೆಲೆಯು ತಲೆಗೆ ಇಷ್ಟೆಂದಿರುತ್ತದೆ. ಒಳಗೆ ಹೋದ ಪ್ರತಿಯೊಬ್ಬರ ಮುಂದೆಯೂ ಒಂದು ತಾಟು ಬರುತ್ತದೆ. ರೊಟ್ಟಿ, ಪಲ್ಯ, ಬೇಳೆ, ಹಿಂಡಿ ಬೇಕಾದಷ್ಟು ಬೀಳುತ್ತದೆ. ದೊಡ್ಡ ಹೋಟೆಲಿನಲ್ಲಿ ಬೆಲೆಯು ಪದಾರ್ಥಕ್ಕೆ ಇಷ್ಟೆಂದಿರುತ್ತದೆ. ತಲೆಗಳನ್ನೆಣಿಸುವ ಕಡೆಯಲ್ಲಿ ತಾಯಿಯೂ ಒಂದು ತಲೆ. ಪದಾರ್ಥಗಳನ್ನೆಣಿಸುವ ಕಡೆಯಲ್ಲಿ ಅವಳು ಲೆಕ್ಕದಿಂದ ಜಾರಿಹೋಗುತ್ತಾಳೆ. ಶರಣಬಸವೇಶ್ವರರ (1746–1822) ಸನ್ನಿಧಿಯ ದಾಸೋಹದ ಹಿರಿಮೆಯೂ ಇದೇ. ಪಂಕ್ತಿಯಲ್ಲಿ ಕುಳಿತವನಿಗೆ ಹಸಿವೊಂದೇ ಅರ್ಹತೆ. ಇನ್ನೊಬ್ಬರು ಬಿಟ್ಟದ್ದನ್ನು ಉಣ್ಣುವ ಗತಿ ಅಲ್ಲಿ ಯಾರಿಗೂ ಇಲ್ಲ. 2002ರಲ್ಲಿ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಮೊದಲಾದ ಮಧ್ಯಾಹ್ನದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟವರು ಯೋಗ್ಯವಾಗಿಯೇ ಇಟ್ಟರು. ಮನೆಯಲ್ಲಿ ತಮ್ಮನಿಗೆ ಬಡಿಸಿ ಉಳಿದುದನ್ನುಣ್ಣುವ ಹುಡುಗಿಗೂ ಶಾಲೆಯ ಸಾಲಿನಲ್ಲಿ ತನ್ನದೇ ತಾಟು, ತನ್ನದೇ ಅಳತೆ ದೊರೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದೇ ದಿನದ ಇನ್ನೊಂದು ಲೆಕ್ಕವನ್ನೂ ಹೇಳಿಬಿಡಬೇಕು. ಕಮಲಾಪುರದಿಂದ ಹೊರಡುವಾಗ ಹುಮನಾಬಾದದ ರಸ್ತೆಯ ಬದಿಯಲ್ಲಿ ಬುಟ್ಟಿಯಿಟ್ಟುಕೊಂಡು ಕುಳಿತಿದ್ದ ಹೆಣ್ಣುಮಗಳೊಬ್ಬಳ ಹತ್ತಿರ ಕೆಂಪು ಬಾಳೆಹಣ್ಣು ಕೊಂಡೆವು. ಕಮಲಾಪುರದ ಈ ಹಣ್ಣಿಗೂ ಭೌಗೋಳಿಕ ಗುರುತಿನ ಮನ್ನಣೆಯುಂಟು. ಇತರ ಬಾಳೆಗಿಂತ ಹೆಚ್ಚು ತಿಂಗಳು ಹೊಲದಲ್ಲಿ ನಿಂತು, ಹೆಚ್ಚು ನೀರು ಕುಡಿದು ಬರುವುದರಿಂದ ತುಟ್ಟಿ. ಅವಳು ಡಜನಿಗೆ 120 ರೂಪಾಯಿ ಎಂದಳು. ನಾನು ಹತ್ತು ನಿಮಿಷ ಚೌಕಾಶಿ ಮಾಡಿ 100ಕ್ಕೆ ಇಳಿಸಿದೆನು. ರಾತ್ರಿ ಹೋಟೆಲಿನವರು 1,840 ರೂಪಾಯಿಯ ಬಿಲ್ಲು ತಂದಿಟ್ಟಾಗ ತುಟಿಪಿಟ್ಟೆನ್ನದೆ ಕೊಟ್ಟೆವು. ನನ್ನ ಆ 20 ರೂಪಾಯಿಯ ಉಳಿತಾಯವೂ ಮೂರನೆಯ ದಾರಿಯದೇ. ಅದು ಬಂದದ್ದು ಅವಳ ಮನೆಯ ತಾಟಿನಿಂದ. ಬಲ್ಲವನೆದುರು ಸುಮ್ಮನಿದ್ದು ಬಡವನೆದುರು ಬಾಯಿಮಾಡುವುದಕ್ಕೆ ಮಿತವ್ಯಯವೆಂಬ ಹೆಸರು ಸಲ್ಲದು. ಸ್ಮೃತಿಕಾರನು ಸೇವಕನನ್ನೂ ಯಜಮಾನನಿಗಿಂತ ಮೊದಲು ಉಣ್ಣುವವರ ಸಾಲಿನಲ್ಲಿ ಸೇರಿಸಿದ್ದಾನೆ. ನಮಗಾಗಿ ಬೆಳೆದು ಹೊತ್ತು ತರುವವರು ಆ ಸಾಲಿಗೆ ಹೊರಗಿನವರೆಂದು ನಾನು ತಿಳಿಯಲಾರೆ.

ಇಲ್ಲಿ ಕೆಲವರು ಪೂರ್ವಪಕ್ಷ ಮಾಡಬಹುದು. “ಹೆಂಗಸರು ಕಡೆಗೆ ಉಣ್ಣುವುದು ಪ್ರೀತಿಯಿಂದ, ಯಾರೂ ಬಲಾತ್ಕರಿಸಿದ್ದಲ್ಲ, ಆ ತ್ಯಾಗವನ್ನು ಸಾಲವೆಂದು ಕರೆದು ಕೀಳುಮಾಡುವುದೇಕೆ?” ಎಂಬುದು ಒಂದು ಆಕ್ಷೇಪ. ತ್ಯಾಗವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ತ್ಯಾಗದ ಪುಣ್ಯವು ಮಾಡಿದವಳಿಗೆ ಸೇರತಕ್ಕದ್ದು, ಅದರ ಮೇಲೆ ಲೆಕ್ಕ ಕಟ್ಟುವ ಹಕ್ಕು ನೋಡಿಕೊಂಡು ಕುಳಿತವನಿಗೆ ಬರುವುದಿಲ್ಲ. ಪ್ರೀತಿಯಿಂದ ಒಬ್ಬರು ಕೊಡುತ್ತಲೇ ಇದ್ದು ಇನ್ನೊಬ್ಬರು ಪಡೆಯುತ್ತಲೇ ಇದ್ದರೆ, ಆ ಪ್ರೀತಿ ಎರಡೂ ಕಡೆ ಇದೆಯೆಂದು ಹೇಳುವುದು ಕಷ್ಟ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. “ನಿಜವಾದ ಬಡತನವಿರುವ ಮನೆಯಲ್ಲಿ ಚೆಲ್ಲುವುದೂ ಇಲ್ಲ, ಡಂಭವೂ ಇಲ್ಲ. ಅಲ್ಲಿ ಕಡಿಮೆಮಾಡಲೇಬೇಕಾದಾಗ ಯಾರದಾದರೊಬ್ಬರ ತಾಟಿನಿಂದಲೇ ಆಗಬೇಕಲ್ಲ?” ಇದಕ್ಕೆ ಸುಲಭವಾದ ಉತ್ತರ ನನ್ನಲ್ಲಿಲ್ಲ. ಬರಗಾಲ ಕಂಡ ಸೀಮೆ ನಮ್ಮದು. ಆದರೂ ಇಷ್ಟನ್ನು ಹೇಳಬಲ್ಲೆನು. ಕಡಿಮೆಯಾಗುವುದಾದರೆ ಅದು ಎಲ್ಲರ ಕಣ್ಣೆದುರಿಗೆ ಕಡಿಮೆಯಾಗಲಿ. ಇರುವ ನಾಲ್ಕು ರೊಟ್ಟಿ ನಡುವೆ ಇರಲಿ. ಗಟ್ಟಿಮುಟ್ಟಾಗಿರುವವನು ಮೊದಲು ಬಿಡಲಿ, ಬಸುರಿಯೂ ಮಕ್ಕಳೂ ಕಡೆಗೆ ಬಿಡಲಿ. ಒಲೆಯ ಮುಂದೆ ಕತ್ತಲೆಯಲ್ಲಿ ಒಬ್ಬಳೇ ಕುಳಿತು ಬರಿದಾದ ಬೋಗುಣಿಯನ್ನು ನೋಡುವಂತೆ ಮಾತ್ರ ಆಗಬಾರದು. ಬಡತನವು ಪಾಪವಲ್ಲ, ಬಡತನವನ್ನೆಲ್ಲ ಮನೆಯಲ್ಲಿ ಒಬ್ಬರ ಮೇಲೆ ಹೊರಿಸಿ ಉಳಿದವರು ಅರಿಯದವರಂತಿರುವುದು ಪಾಪ.

ಎಳ್ಳಮಾವಾಸ್ಯೆಯ ದಿನ ನಮ್ಮ ರೈತರು ಸಜ್ಜೆರೊಟ್ಟಿ, ಕಡಬು, ಭಜ್ಜಿಪಲ್ಯಗಳನ್ನು ಹೊಲಕ್ಕೆ ಒಯ್ದು, ತಾವು ಉಣ್ಣುವುದಕ್ಕಿಂತ ಮೊದಲು ಪೈರಿನ ನಡುವೆ ಚರಗ ಚೆಲ್ಲುತ್ತಾರೆ. ಹಿಂಗಾರಿನ ಪೈರು ಹೊತ್ತ ಭೂಮಿಯನ್ನು ಬಸುರಿಯೆಂದು ಭಾವಿಸಿ ಅವಳಿಗೆ ಮೊದಲು ಉಣಿಸುವ ಹಬ್ಬವದು. ವರ್ಷವೆಲ್ಲ ಕಾಳುಕಾಳನ್ನೂ ಎಣಿಸುವ ರೈತನು ಅಂದು ಅನ್ನವನ್ನು ಮಣ್ಣಿಗೆ ಚೆಲ್ಲುವುದನ್ನು ದುಂದುವೆಚ್ಚವೆಂದು ಯಾರೂ ಕರೆಯುವುದಿಲ್ಲ. ಹೊಲದಲ್ಲಿ ಬಸುರಿಯಾದ ಭೂಮಿಗೆ ಸಲ್ಲಿಸುವ ಮರ್ಯಾದೆಯನ್ನು ಮನೆಯಲ್ಲಿರುವವಳಿಗೂ ಸಲ್ಲಿಸಿದರೆ ನಾನು ಈ ಲೇಖನದಲ್ಲಿ ಬರೆದುದೆಲ್ಲವೂ ಅನವಶ್ಯಕವಾದೀತು.

ನಾನು ಈಗಲೂ ವಹಿ ಬರೆಯುತ್ತೇನೆ, ಅಭ್ಯಾಸ ಬಿಡದು. ಉಳಿಕೆಯ ಕಾಲಮಿನ ಪಕ್ಕದಲ್ಲಿ ಹೊಸದೊಂದು ಕಾಲಮು ಹಾಕಿದ್ದೇನೆ. ಅದಕ್ಕೆ ‘ಎಲ್ಲಿಂದ’ ಎಂದು ಹೆಸರು. ಅದರಲ್ಲಿ ಬರೆಯಲು ನಾಚಿಕೆಯಾಗುವ ಉಳಿತಾಯವನ್ನು ನಾನು ಮಾಡುವುದಿಲ್ಲ. ರಾತ್ರಿ ಮನೆಯಲ್ಲಿ ನಾವಿಬ್ಬರೇ. ರೊಟ್ಟಿಯ ಬುಟ್ಟಿಯೂ ಬೇಳೆಯ ಬೋಗುಣಿಯೂ ನಡುವೆ ಇರುತ್ತವೆ. “ನೀವು ಮೊದಲ ಉಣ್ರಿ” ಎಂದು ಅವಳು ಇಂದಿಗೂ ಹೇಳುತ್ತಾಳೆ. ಮೂವತ್ತು ವರ್ಷದ ರೂಢಿ ಒಂದು ದಿನದಲ್ಲಿ ಹೋಗುವಂಥದಲ್ಲ. ನಾನು ಎರಡನೆಯ ತಾಟನ್ನು ತಂದಿಟ್ಟು, ಅವಳು ಕೂಡ್ರುವ ತನಕ ಕಾಯುತ್ತೇನೆ.